ಅಮ್ಮನ ಚಂದನಕ್ಕೆ ಕೇಬಲ್ಲಾ, ಫ್ರೀ ಡಿಶ್ಶಾ, ಮೊಬೈಲಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫ್ರೀ ಡಿಶ್‌ಗೆ, ಅಂದರೆ ದೂರದರ್ಶನದ್ದೇ ಉಚಿತ ಡಿಶ್ ಟಿವಿಗೆ. ಮೂರು ವಾರ ಅದು ನನ್ನ ತಲೆ ತಿಂದಿದ್ದರೂ.

ಕಟಪಾಡಿಯ ಮನೆಯಲ್ಲಿ ಅಮ್ಮ ಒಬ್ಬರೇ ಇರುವುದು. ಅವರಿಗೆ ಟಿವಿ ಅಂದರೆ ದೂರದರ್ಶನ ಚಂದನ, ಅಷ್ಟೇ. ಸಂಜೆ ವಾರ್ತೆ, ರಾತ್ರಿ 'ಥಟ್ ಅಂತ ಹೇಳಿ' ಕ್ವಿಜ್. 2002ರಲ್ಲಿ ಅದು ಶುರುವಾದಾಗಿನಿಂದ ನೋಡುತ್ತಿದ್ದಾರೆ. ಡಾ. ನಾ. ಸೋಮೇಶ್ವರ ಪ್ರಶ್ನೆ ಮುಗಿಸುವ ಮೊದಲೇ ಇವರ ಉತ್ತರ ಬಂದಿರುತ್ತದೆ. ಸರಿಯಾದರೆ "ಬಹುಮಾನದ ಆ ಪುಸ್ತಕ ನನಗೆ ಬರಬೇಕಿತ್ತು" ಅನ್ನುತ್ತಾರೆ, ತಪ್ಪಾದರೆ ಹಾಲು ಬಿಸಿ ಮಾಡಲು ಒಳಗೆ ಹೋಗುತ್ತಾರೆ.

ಇದಕ್ಕಾಗಿ ತಿಂಗಳಿಗೆ 350 ರೂಪಾಯಿ ಕೇಬಲ್ ಬಿಲ್ಲು ಕಟ್ಟುತ್ತಿದ್ದೆವು. ಚಂದನ ಉಚಿತ ಚಾನೆಲ್, ಕೇಬಲ್‌ನವರು ಅದನ್ನು ಕೊಡಲೇಬೇಕು ಅಂತ ಕಾನೂನೂ ಇದೆ. ಕೊಡುತ್ತಿದ್ದರು, ಸುಳ್ಳು ಹೇಳಬಾರದು. ಆದರೆ ಒಂದೇ ವರ್ಷದಲ್ಲಿ ಎರಡು ಸಲ ಚಾನೆಲ್ ನಂಬರ್ ಬದಲಾಯಿತು. ಅಮ್ಮನಿಗೆ ಗೊತ್ತಿರುವುದು ನಂಬರ್ ಮಾತ್ರ. "ಚಂದನ ತೆಗೆದುಬಿಟ್ಟಿದ್ದಾರೆ ಮಗಾ" ಅಂತ ನನ್ನ ಆಫೀಸಿಗೆ ಫೋನು.

ಕೇಬಲ್‌ನಲ್ಲಿ ಒಂದು ಲಾಭ ಇದೆ. ನಮ್ಮ ಕುಡ್ಲ, ದಾಯ್ಜಿವರ್ಲ್ಡ್‌ನಂಥ ಊರಿನ ಚಾನೆಲ್‌ಗಳು ಸಿಗುತ್ತವೆ, ತುಳು ಕಾರ್ಯಕ್ರಮ, ಯಕ್ಷಗಾನ, ಕಂಬಳ ಎಲ್ಲ ನೋಡಬಹುದು. ಮನೆಯಲ್ಲಿ ಕಂಬಳದ ಹುಚ್ಚಿನವರಿದ್ದರೆ ಮುಂದೆ ಓದಬೇಡಿ, ಕೇಬಲನ್ನೇ ಇಟ್ಟುಕೊಳ್ಳಿ.

ಮಾಡಿನ ಮೇಲೆ ಆಂಟೆನಾ ತಿರುಗಿಸಿ "ಈಗ ಬಂತಾ?" ಅಂತ ಕೂಗುವ ಕಾಲ ಮುಗಿಯಿತು. ದೂರದರ್ಶನ ತನ್ನ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು 2022ರ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲ ಕಡೆ ನಿಲ್ಲಿಸಿತು. ಹಾಗಾಗಿ ಡಿಸೆಂಬರಲ್ಲಿ ಫ್ರೀ ಡಿಶ್ ಹಾಕಿಸಿದೆ. ಬಾಕ್ಸು, ಕೊಡೆ (ಡಿಶ್ಶಿಗೆ ನಮ್ಮಲ್ಲಿ ಹಾಗನ್ನುವುದು), ಕೂಲಿ ಎಲ್ಲ ಸೇರಿ 2,100 ರೂಪಾಯಿ. ತಿಂಗಳ ಬಾಡಿಗೆ ಇಲ್ಲ. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಬಂದಿತ್ತಲ್ಲ, ಅದೇ ಇದು.

ಏಪ್ರಿಲ್‌ವರೆಗೆ ಚಂದ ಇತ್ತು. ಆಮೇಲೆ ಶುರುವಾಯಿತು ನೋಡಿ. ಬೆಳಿಗ್ಗೆ ಚಿತ್ರ ಸ್ವಚ್ಛ, ರಾತ್ರಿ ಕ್ವಿಜ್ ಹೊತ್ತಿಗೆ ಚೌಕ ಚೌಕವಾಗಿ ಒಡೆದು, ಸೋಮೇಶ್ವರರ ಅರ್ಧ ಮುಖ ಒಂದು ಕಡೆ, ಇನ್ನರ್ಧ ಇನ್ನೊಂದು ಕಡೆ. ಮೆಕ್ಯಾನಿಕ್ ಬಂದರು. "ಅಮ್ಮಾ, ಎಲ್‌ಎನ್‌ಬಿ ಹೋಗಿದೆ" ಅಂದರು, ಕೊಡೆಯ ಮುಂದೆ ಸಿಗ್ನಲ್ ಹಿಡಿಯುವ ಭಾಗ ಅದು. ಬದಲಾಯಿಸಿದೆವು, 300 ರೂಪಾಯಿ. ಎರಡು ದಿನ ಸರಿ, ಮತ್ತೆ ಅದೇ ಕಥೆ. ಎರಡನೇ ಸಲ ಬಂದವರು ಉಪ್ಪು ಗಾಳಿಗೆ ವಯರಿನ ಪಿನ್ ತುಕ್ಕು ಹಿಡಿದಿದೆ ಅಂದರು. ಅದನ್ನೂ ಹೊಸತು ಹಾಕಿದ್ದಾಯಿತು. ಮೂರನೇ ಸಲ ಬಾಕ್ಸನ್ನೇ ಬದಲಾಯಿಸಿ ಅಂದಾಗ ನನಗೆ ಸಿಟ್ಟು ಬಂತು.

ಆ ಭಾನುವಾರ ಸಂಜೆ ನಾನೇ ಟೆರೇಸ್ ಹತ್ತಿ ಕೂತೆ. ಫ್ರೀ ಡಿಶ್ ಸಿಗ್ನಲ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ, ಅದು ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನಮ್ಮ ಕಡೆಯಿಂದ ನೋಡಿದರೆ ಆಗ್ನೇಯಕ್ಕೆ, ಸಾಕಷ್ಟು ಎತ್ತರದಲ್ಲಿ. ಸರಿಯಾಗಿ ಆ ದಿಕ್ಕಿಗೇ, ಗೋಡೆ ಪಕ್ಕದ ತೆಂಗಿನ ಮರದ ಹೊಸ ಮಡಲೊಂದು (ಗರಿ) ಬಿಚ್ಚಿಕೊಂಡಿತ್ತು. ಗಾಳಿ ನಿಂತಾಗ ಪಕ್ಕಕ್ಕೆ, ಗಾಳಿ ಬಂದಾಗ ಕೊಡೆಯ ಎದುರಿಗೆ. ಕೆಳಗಿಂದ ಅಮ್ಮ "ಹೋಯ್ತು... ಬಂತು... ಹೋಯ್ತು" ಅನ್ನುತ್ತಿದ್ದರು, ಮಡಲಿನ ತಾಳಕ್ಕೆ ಸರಿಯಾಗಿ. ಮೂರು ವಾರ, ಎರಡು ರಿಪೇರಿ, ಕಾರಣ ಒಂದು ಮಡಲು! ಕಾಯಿ ಕೊಯ್ಯುವವರನ್ನು ಕರೆಸಿ ಕಡಿಸಿದೆ. ಅದರ ಕಡ್ಡಿಯಲ್ಲಿ ಅಮ್ಮ ಒಂದು ಹಿಡಿಸೂಡಿ, ಅಂದರೆ ಪೊರಕೆ, ಮಾಡಿಕೊಂಡರು.

ಮಳೆಯದ್ದು ಬೇರೆ ವಿಷಯ. ಆಟಿಯಲ್ಲಿ, ಅಂದರೆ ತುಳುನಾಡಿನ ಮಳೆಗಾಲದ ತಿಂಗಳಲ್ಲಿ, ಜೋರು ಸುರಿದರೆ ಹತ್ತು ನಿಮಿಷ ಸಿಗ್ನಲ್ ಹೋಗುತ್ತದೆ. ಅದಕ್ಕೆ ಮದ್ದಿಲ್ಲ. ಆಗ ಕರೆಂಟೂ ಇರುವುದಿಲ್ಲ, ಅಲ್ವಾ.

ಮೊಬೈಲ್? ಪ್ರಸಾರ ಭಾರತಿಯ ವೇವ್ಸ್ ಆ್ಯಪ್ 2024ರ ನವೆಂಬರಲ್ಲಿ ಬಂತು, ದೂರದರ್ಶನದ ಚಾನೆಲ್‌ಗಳನ್ನು ಅದರಲ್ಲಿ ನೇರವಾಗಿ ನೋಡಬಹುದು. ಮಣಿಪಾಲದ ರೂಮಲ್ಲಿ ನನಗೆ ಅದು ಸಾಕು. ತಪ್ಪಿಹೋದ ಕಂತು ಚಂದನದ ಯೂಟ್ಯೂಬ್‌ನಲ್ಲೂ ಸಿಗುತ್ತದೆ. ಅಮ್ಮನಿಗೆ ಕೊಟ್ಟು ನೋಡಿದೆ. ಮನೆಯಲ್ಲಿ ನೆಟ್ ಸಿಗುವುದು ಬಾವಿಕಟ್ಟೆ ಹತ್ತಿರ ಮಾತ್ರ, ರಾತ್ರಿ ಅಲ್ಲಿ ಸೊಳ್ಳೆ. ಒಂದೇ ದಿನಕ್ಕೆ ಮೊಬೈಲ್ ವಾಪಸ್.

ಹಾಗಾಗಿ ನಮ್ಮನೆಗೆ ಫ್ರೀ ಡಿಶ್ಶೇ. ರಿಪೇರಿ ಖರ್ಚು ಸೇರಿಸಿದರೂ ಏಳೆಂಟು ತಿಂಗಳ ಕೇಬಲ್ ಬಿಲ್ಲಿನಲ್ಲಿ ಎಲ್ಲ ಹುಟ್ಟಿತು. ಮುಂದಿನ ಬೇಸಿಗೆಯೊಳಗೆ ಕೊಡೆಯನ್ನು ಟೆರೇಸಿನ ಇನ್ನೊಂದು ಮೂಲೆಗೆ ಸಾಗಿಸಬೇಕು, ಆ ಮರ ಸುಮ್ನೆ ಕೂರುವ ಜಾತಿಯದ್ದಲ್ಲ.