ಒಂಬತ್ತು ಮಳೆಗಾಲ ಕಂಡ ಜಿಐ ಪೈಪಿನ ಹಟ್ಟಿ: ಮಾಡು ಗಟ್ಟಿ, ಬುಡ ಸೋತಿತು

ಬೆಳಿಗ್ಗೆ ಐದೂವರೆಗೆ ಹಟ್ಟಿ, ಅಂದರೆ ದನದ ಕೊಟ್ಟಿಗೆ, ತೊಳೆಯುವುದು ನನ್ನ ಕೆಲಸ. ಸೆಗಣಿ ಬಾಚಿ, ನೀರು ಹೊಯ್ದು, ಹಿಡಿಸೂಡಿಯಲ್ಲಿ ಉಜ್ಜಿ ಆದ ಮೇಲೆ ಹುಲ್ಲು ಕೊಯ್ಯುವ ಕತ್ತಿಯ ಹಿಂಬದಿಯಿಂದ ಒಂದೊಂದು ಕಂಬಕ್ಕೂ ಒಂದೊಂದು ಸಣ್ಣ ಪೆಟ್ಟು ಕೊಡುತ್ತೇನೆ. ಎಂಟು ಕಂಬ, ಎಂಟು ಪೆಟ್ಟು. ಟಣ್ ಅಂದರೆ ಸರಿ. ಡಬ್ ಅಂದರೆ ಒಳಗೆ ತುಕ್ಕು ಕೂತಿದೆ ಅಂತ ಅರ್ಥ. ದನಗಳಿಗೂ ಈಗ ಈ ಸದ್ದು ಅಭ್ಯಾಸವಾಗಿದೆ. ಎಂಟನೆಯ ಪೆಟ್ಟು ಮುಗಿದ ಕೂಡಲೇ ಹಿಂಡಿ ಬರುತ್ತದೆ ಅಂತ ಅವಕ್ಕೆ ಗೊತ್ತು, ತಲೆ ಎತ್ತಿ ನಿಲ್ಲುತ್ತವೆ.

ಈ ಅಭ್ಯಾಸ ಶುರುವಾದದ್ದು 2021ರಲ್ಲಿ. ಅದಕ್ಕಿಂತ ಮೊದಲು ನಾನು ಈ ಹಟ್ಟಿಯನ್ನು ಕೇಳಿದವರಿಗೆಲ್ಲ ಹೊಗಳುತ್ತಿದ್ದೆ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಮತ್ತು ಪೆರ್ಲದ ನಡುವಿನ ಊರು. ಅಡಿಕೆ ತೋಟ, ಮೂರು ಕಾಸರಗೋಡು ಗಿಡ್ಡ ತಳಿಯ ದನ, ಒಂದು ಜರ್ಸಿ ಕ್ರಾಸ್. ಅಪ್ಪನ ಕಾಲದ ಹಟ್ಟಿಗೆ ಮೊದಲು ಮುಳಿಹುಲ್ಲಿನ ಮಾಡು (ಛಾವಣಿ), ಆಮೇಲೆ ಸೋಗೆ. ವರ್ಷ ವರ್ಷ ಸೋಗೆ ಹೊದೆಸಲು ಜನ ಸಿಗದೆ 2017ರ ಜನವರಿಯಲ್ಲಿ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ, ಪೈಪಿನ ಕಂಬ ನೆಟ್ಟು, ಬಣ್ಣದ ಶೀಟು ಹಾಕಿಸಿದೆವು. ಮೂವತ್ತು ಅಡಿ ಉದ್ದ, ಹದಿನೆಂಟು ಅಡಿ ಅಗಲ. ನೆಲದ ಕಾಂಕ್ರೀಟೂ ಸೇರಿ 1,40,000 ರೂಪಾಯಿ ಆಯಿತು. ಆ ವರ್ಷದ ಅಡಿಕೆಯ ದುಡ್ಡಿನಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋಯಿತು. ಶೀಟಿನ ದಪ್ಪ, ಪೈಪಿನ ಗೇಜು ಇದೆಲ್ಲ ಅಂಗಡಿಯವರೇ ಹೇಳುತ್ತಾರೆ, ಬಿಡಿ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಸುತ್ತಮುತ್ತ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಮಳೆಗಿಂತ ನನಗೆ ಗಾಳಿಯದೇ ಜಾಸ್ತಿ ಹೆದರಿಕೆ ಇತ್ತು. ಗಾಳಿಗೆ ಮಾಡು ಹೋಗುವುದು ಮೇಲಿನಿಂದ ಒತ್ತಿ ಅಲ್ಲ, ಕೆಳಗಿನಿಂದ ಎತ್ತಿ. ತೆರೆದ ಹಟ್ಟಿಯೊಳಗೆ ನುಗ್ಗಿದ ಗಾಳಿ ಶೀಟನ್ನು ಅಡಿಯಿಂದ ದೂಡುತ್ತದೆ, ಮೇಲೆ ಹಾಯುವ ಗಾಳಿ ಎಳೆಯುತ್ತದೆ. ಮೂರು ಬದಿ ಗಟ್ಟಿ ಮುಚ್ಚಿ ಒಂದೇ ಬದಿ ತೆರೆದಿಟ್ಟರಂತೂ ಗೋಣಿಗೆ ಗಾಳಿ ತುಂಬಿದ ಹಾಗೆ. ಆದ್ದರಿಂದ ನಾವು ಯಾವ ಬದಿಗೂ ಶೀಟು ಹೊಡೆಯಲಿಲ್ಲ. ಗಾಳಿಮಳೆ ಬರುವ ಪಡುವಣ ಬದಿಗೆ ಮಾತ್ರ ತೆಂಗಿನ ಮಡಲಿನ ತಟ್ಟಿ. ಎರಚಲು ನಿಲ್ಲುತ್ತದೆ, ಗಾಳಿ ಮಾತ್ರ ಸ್ವಲ್ಪ ಸ್ವಲ್ಪ ತೂರಿಕೊಂಡು ಹೋಗುತ್ತದೆ. ಮಾಡಿನ ತುದಿಯಲ್ಲಿ ಎರಡು ಇಳಿಜಾರು ಸೇರುವ ಕಡೆ ಒಂದು ಗೇಣು ಸಂದು ಬಿಟ್ಟು, ಅದರ ಮೇಲೆ ಎತ್ತರಿಸಿ ಟೋಪಿ ಹಾಕಿದ್ದಾರೆ. ಒಳಗಿನ ಬಿಸಿಯೂ ಅಲ್ಲಿಂದಲೇ ಹೊರಗೆ.

ಕಂಬಗಳನ್ನು ಮೂರಡಿ ಆಳಕ್ಕೆ ಹೂತು ಕಾಂಕ್ರೀಟು ತುಂಬಿಸಿದ್ದೆವು. ನಮ್ಮದು ಮುರಕಲ್ಲಿನ ನೆಲ, ಗುಂಡಿ ತೆಗೆಯುವವರ ಕೈ ಬೊಬ್ಬೆ ಬಂದಿತ್ತು. ಆದರೆ ಹಿಡಿತ ಅಂದರೆ ಹಿಡಿತ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ರಾತ್ರಿಯಿಡೀ ನಿದ್ದೆ ಇಲ್ಲ. ತೋಟದಲ್ಲಿ ಅಡಿಕೆ ಮರ ಮುರಿಯುವ ಸದ್ದು ಕೇಳುತ್ತಿತ್ತು. ಬೆಳಿಗ್ಗೆ ಓಡಿಹೋಗಿ ನೋಡಿದರೆ ಹಟ್ಟಿಯ ಒಂದು ಸ್ಕ್ರೂ ಕೂಡ ಅಲುಗಿರಲಿಲ್ಲ. ಗಿಡ್ಡ ದನ ಆರಾಮವಾಗಿ ಮೆಲುಕು ಹಾಕುತ್ತಿತ್ತು. ಏಣಿ ಇಟ್ಟು ಹತ್ತಿ, ಶೀಟಿನ ಅಂಚು ಅಂಚೂ ಮುಟ್ಟಿ ನೋಡಿದೆ. ಅಷ್ಟು ಖುಷಿ.

ಅದಾಗಿ ಎರಡೇ ದಿನ. ಮೂಲೆಯ ಕಂಬದ ಬುಡದಲ್ಲಿ ಬಣ್ಣ ಉಬ್ಬಿಕೊಂಡದ್ದು ಕಂಡಿತು, ಎಣ್ಣೆಯಲ್ಲಿ ಹಾಕಿದ ಹಪ್ಪಳ ಉಬ್ಬುತ್ತದಲ್ಲ, ಹಾಗೆ. ಉಗುರಿನಿಂದ ಕೆರೆದೆ. ಒಂದು ಚಕ್ಕೆ ಎದ್ದು ಬಂತು, ಅದರ ಹಿಂದೆ ಕಂದು ಪುಡಿ. ಕತ್ತಿಯ ಹಿಂಬದಿಯಿಂದ ತಟ್ಟಿದರೆ ಪೈಪೇ ಒಳಗೆ ಕುಸಿಯಿತು. ಹೆಬ್ಬೆರಳು ಹೋಗುವಷ್ಟು ತೂತು! ಕೂತು ಉಳಿದ ಏಳನ್ನೂ ನೋಡಿದೆ. ಇನ್ನೆರಡರ ಸ್ಥಿತಿಯೂ ಅದೇ. ನಾಲ್ಕೂಕಾಲು ವರ್ಷದ ಹಟ್ಟಿ ಅದು. ಮೇಲೆ ಒಂದು ಸ್ಕ್ರೂ ಸಡಿಲ ಆಗಿಲ್ಲ, ಕೆಳಗೆ ಕಂಬವೇ ಇಲ್ಲ. ಎರಡು ದಿನದ ಹಿಂದೆ ಅಷ್ಟು ದೊಡ್ಡ ಗಾಳಿಯಲ್ಲಿ ನಾಲ್ಕು ದನ ಇದರಡಿಯಲ್ಲಿ ಮಲಗಿದ್ದವು ಅಂತ ನೆನೆದು ಕೈ ನಡುಗಿತು.

ಕಾರಣ ಗಂಜಲ. ನೆಲದ ಕಾಂಕ್ರೀಟು ಒಣಗುವಾಗ ಸ್ವಲ್ಪ ಕುಗ್ಗುತ್ತದೆ, ಪೈಪಿನ ಸುತ್ತ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ತೊಳೆದ ನೀರು, ಗಂಜಲ ಎಲ್ಲ ಅಲ್ಲಿಗೆ ಇಳಿದು ನಿಲ್ಲುತ್ತವೆ. ಗಂಜಲದ ಉಪ್ಪು ಮತ್ತು ಅಮೋನಿಯ ಸೇರಿ ಪೈಪಿನ ಸತುವಿನ ಲೇಪವನ್ನು ತಿನ್ನುತ್ತವೆ. ಲೇಪ ಹೋದ ಮೇಲೆ ಕಬ್ಬಿಣ ಎಷ್ಟು ದಿನ ತಡೆದೀತು? ಮಣ್ಣಿನೊಳಗೆ ಆಳದಲ್ಲಿ ಪೈಪು ಚೆನ್ನಾಗಿಯೇ ಇತ್ತು. ಎದೆಮಟ್ಟದಲ್ಲಿ ಹೊಸದರ ಹಾಗೆ ಹೊಳೆಯುತ್ತಿತ್ತು. ಹಾಳಾದದ್ದು ನೆಲಕ್ಕೆ ತಾಗುವ ಆ ನಾಲ್ಕು ಬೆರಳು ಮಾತ್ರ.

ಕಟ್ಟಿದವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಕಂಬ ನೆಡುವ ದಿನ ನಾನೇ ಕೇಳಿದ್ದೆ, ಬುಡಕ್ಕೆ ಏನಾದರೂ ಮಾಡುವುದು ಬೇಡವಾ ಅಂತ. "ದಾಲ ಆಪುಜಿ ಅಣ್ಣಾ, ಜಿಐ ಅತ್ತಾ" ಅಂದಿದ್ದರು. ಏನೂ ಆಗುವುದಿಲ್ಲವಂತೆ, ಜಿಐ ಅಲ್ವಾ! ಅವರು ಕಾರ್ ಶೆಡ್ಡು, ಅಂಗಳದ ಮಾಡು ಮಾಡಿ ಅಭ್ಯಾಸ ಇದ್ದವರು. ಅಲ್ಲಿ ಈ ತರಹ ನಿಂತರೆ ಇಪ್ಪತ್ತು ವರ್ಷ ತೊಂದರೆ ಇಲ್ಲ. ಹಟ್ಟಿ ಬೇರೆ. ಅಪ್ಪನ ಹಟ್ಟಿಯಲ್ಲಿ ಬೋಗಿ ಮರದ ಕಂಬಗಳು ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಮೊಣಕಾಲೆತ್ತರದ ಅಡಿಕಲ್ಲಿನ ಮೇಲೆ ಕೂತಿದ್ದವು. ಆ ಕಲ್ಲುಗಳನ್ನು ಕಿತ್ತು ತೋಟದ ಕಟ್ಟಕ್ಕೆ ಹಾಕಿದವನು ನಾನೇ. ಅವು ಯಾಕೆ ಅಲ್ಲಿದ್ದವು ಅಂತ ಆಗ ಯೋಚಿಸಲಿಲ್ಲ ಅನ್ನುವುದು ನನಗೆ ನೋವಿನ ವಿಷಯ.

ಆ ಮಳೆಗಾಲ ಅಡಿಕೆ ಮರದ ಆಧಾರ ಕೊಟ್ಟು ಹೇಗೋ ಕಳೆದೆವು. 2022ರ ಬೇಸಗೆಯಲ್ಲಿ ಬೇರೊಬ್ಬರನ್ನು ಕರೆಸಿ ರಿಪೇರಿ ಮಾಡಿಸಿದೆವು, 31,000 ರೂಪಾಯಿ. ಹಾಳಾದ ಮೂರು ಕಂಬಗಳನ್ನು ನೆಲದಿಂದ ಒಂದೂವರೆ ಅಡಿ ಮೇಲೆ ಕತ್ತರಿಸಿ, ಕೆಳಗೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನ ಗಿಡ್ಡ ಕಂಬ ಎಬ್ಬಿಸಿ, ಅದರ ಮೇಲೆ ದಪ್ಪ ಪ್ಲೇಟು ಮತ್ತು ನಾಲ್ಕು ಬೋಲ್ಟು. ಉಳಿದ ಐದಕ್ಕೆ ತುಕ್ಕು ಕೆರೆದು ಸುತ್ತಲೂ ಒಂದೂವರೆ ಅಡಿ ಎತ್ತರಕ್ಕೆ ಕಾಂಕ್ರೀಟಿನ ಕವಚ. ಮೇಲ್ಭಾಗವನ್ನು ನಾಲ್ಕೂ ಬದಿಗೆ ಇಳಿಜಾರು ಮಾಡಲೇಬೇಕು, ಇಲ್ಲದಿದ್ದರೆ ನೀರು ಅಲ್ಲೂ ನಿಲ್ಲುತ್ತದೆ.

ಒಂದು ವಿಷಯ ಆ ಎರಡನೆಯವರು ಹೇಳಿದ್ದಕ್ಕೆ ಗೊತ್ತಾಯಿತು. ಆಳಕ್ಕೆ ಹೂತ ಕಂಬ ತನ್ನಷ್ಟಕ್ಕೇ ನೆಟ್ಟಗೆ ನಿಲ್ಲುತ್ತದೆ, ಅಡ್ಡಕ್ಕೆ ದೂಡಿದರೂ ತಡೆಯುತ್ತದೆ. ಕತ್ತರಿಸಿ ಬೋಲ್ಟಿನ ಮೇಲೆ ಕೂರಿಸಿದರೆ ಆ ಜಾಗ ಬಾಗಿಲಿನ ವಿಜಾಗರಿಯ ಹಾಗೆ ಆಗುತ್ತದೆ. ಗಾಳಿಗೆ ಇಡೀ ಮಾಡು ಒಂದು ಬದಿಗೆ ವಾಲಬಹುದು. ಅದಕ್ಕೆ ಆ ಮೂರು ಕಂಬಗಳಿಂದ ಮೇಲಿನ ಅಡ್ಡ ಪೈಪಿಗೆ ಎರಡೂ ಬದಿಯಲ್ಲಿ ಓರೆ ಪೈಪು ಕೊಟ್ಟಿದ್ದಾರೆ. ಬುಡ ಎತ್ತರಿಸುವವರು ಈ ಓರೆ ಪೈಪಿನ ಖರ್ಚು ಉಳಿಸಲು ಹೋಗಬೇಡಿ, ದಯವಿಟ್ಟು.

ಉಳಿದದ್ದು ಚಿಲ್ಲರೆ. ಸ್ಕ್ರೂವಿನ ಅಡಿಯ ರಬ್ಬರ್ ವಾಶರುಗಳು ಬಿಸಿಲಿಗೆ ಒಣಗಿ ಬಿರಿದವು, ಕಳೆದ ವರ್ಷ ಎಲ್ಲ ಬದಲಿಸಿದೆವು. ಡಿಸೆಂಬರಿನ ಚಳಿಗೆ ದನಗಳ ಉಸಿರು ಶೀಟಿನಡಿ ಹನಿಗಟ್ಟಿ ಬೆಳಗ್ಗೆ ಬೆನ್ನ ಮೇಲೆ ತೊಟ್ಟಿಕ್ಕುತ್ತದೆ. ತುದಿಯ ಸಂದು ಇಲ್ಲದಿದ್ದರೆ ಇನ್ನೂ ಜಾಸ್ತಿ ಆಗುತ್ತಿತ್ತು. ಮಾರ್ಚ್‌ನಿಂದ ಮೇವರೆಗೆ ಶೀಟಿನ ಮೇಲೆ ಸೋಗೆ ಹರಡಿ ಹಗ್ಗ ಕಟ್ಟುತ್ತೇವೆ. ಅಷ್ಟು ಮಾಡಿದರೆ ಜರ್ಸಿ ಮಧ್ಯಾಹ್ನ ಏದುಸಿರು ಬಿಡುವುದಿಲ್ಲ. ಜೋರು ಮಳೆಯ ಸದ್ದಿಗೆ ಮೊದಲ ವರ್ಷ ಕರು ಬೆದರಿ ಹಗ್ಗ ಹರಿದಿತ್ತು. ಈಗ ಅಲ್ಲೇ ಹುಟ್ಟಿದ ಕರುಗಳಿಗೆ ಆ ಸದ್ದೇ ಜೋಗುಳ.

ಈ ಸಲ, 2025ರಲ್ಲಿ, ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದುಬಿಟ್ಟಿತು. ತಟ್ಟಿ ಕಟ್ಟುವುದು ನಮ್ಮಲ್ಲಿ ಮೇ ಕೊನೆಯ ವಾರದ ಕೆಲಸ, ಮಡಲು ಹೆಣೆದೇ ಆಗಿರಲಿಲ್ಲ. ಎರಡು ದಿನ ದನಗಳು ಮಳೆಗೆ ನೆನೆದು ಚಂಡಿಯಾದವು. ನಾನೂ ಅಮ್ಮನೂ ಮಳೆಯಲ್ಲೇ ನಿಂತು ತಟ್ಟಿ ಕಟ್ಟಿದೆವು. ಗಾಳಿ ಬೀಸುವಾಗ ಒಮ್ಮೆ ಆ ಓರೆ ಪೈಪಿನ ಮೇಲೆ ಕೈ ಇಟ್ಟು ನೋಡಿದೆ. ಸಣ್ಣಗೆ ಗುಂಯ್ ಅನ್ನುತ್ತಿತ್ತು, ಕಂಬ ಕದಲಲಿಲ್ಲ. ಆ ಹೊತ್ತಿಗೆ ಹಟ್ಟಿಯ ಮೇಲಿನ ನನ್ನ ಮುನಿಸು ಮುಕ್ಕಾಲು ಇಳಿಯಿತು.

ಮತ್ತೊಮ್ಮೆ ಕಟ್ಟುವುದಾದರೆ ಇದನ್ನೇ ಕಟ್ಟಿಸುತ್ತೇನಾ? ಹೌದು. ಸೋಗೆಗೆ ಮರಳುವಷ್ಟು ಜನವೂ ಇಲ್ಲ, ಶಕ್ತಿಯೂ ಇಲ್ಲ. ಆದರೆ ಕಂಬ ನೆಡುವ ದಿನವೇ ಬುಡಕ್ಕೆ ಕವಚ ಕಟ್ಟಿಸುತ್ತೇನೆ. ಆಗ ಅದಕ್ಕೆ ಕೆಲವೇ ಚೀಲ ಸಿಮೆಂಟು ಹೆಚ್ಚಿಗೆ ಬೇಕಾಗುತ್ತಿತ್ತು, ಅಷ್ಟೇ.

ನೆರೆಮನೆಯ ಭಾವ ಈ ಬೇಸಗೆಗೆ ಹಟ್ಟಿ ಕಟ್ಟುತ್ತಿದ್ದಾರೆ. ಪೈಪು ಬಂದು ಅಂಗಳದಲ್ಲಿ ಬಿದ್ದಿದೆ. ಮೊನ್ನೆ ಸಂಜೆ ಹೋಗಿ ಟೇಪು ಹಿಡಿದು, ಹೂಳುವ ಮೂರಡಿ ಬಿಟ್ಟು ಅಲ್ಲಿಂದ ಒಂದೂವರೆ ಅಡಿಗೆ, ಒಂದೊಂದು ಪೈಪಿಗೂ ಸುಣ್ಣದಲ್ಲಿ ಗೆರೆ ಎಳೆದು ಬಂದಿದ್ದೇನೆ.