ಎಸ್.ಪಿ. ರಸ್ತೆಯಲ್ಲಿ ‘ಹೊಸ’ ಹಾರ್ಡ್ ಡಿಸ್ಕ್ ಕೊಳ್ಳುವವರೇ, ಸ್ವಲ್ಪ ನಿಲ್ಲಿ

ಬೈಯುವುದಾದರೆ ಮೊದಲು ನನ್ನನ್ನೇ ಬೈಯಬೇಕು. ಮನೆಯಲ್ಲಿ ಕಂಪ್ಯೂಟರ್ ವಿಷಯ ಬಂದರೆ ಎಲ್ಲರೂ ಕೇಳುವುದು ನನ್ನನ್ನು. ತಿಪಟೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಭಾವನವರೂ ಹಾಗೆಯೇ ಕೇಳಿದರು: ಮದುವೆ ಫೋಟೋಗಳನ್ನು ತುಂಬಿಡಲು ನಾಲ್ಕು ಟಿಬಿಯ ಡಿಸ್ಕ್ ಬೇಕು, ಬೆಂಗಳೂರಿನಿಂದ ತಂದುಕೊಡು.

ಕಂಪ್ಯೂಟರ್ ಅಂಗಡಿಗಳೇ ತುಂಬಿರುವ ಎಸ್.ಪಿ. ರಸ್ತೆಗೆ ಹೋಗಿ ಮೂರು ಅಂಗಡಿ ವಿಚಾರಿಸಿದೆ. ನಾಲ್ಕನೆಯವನು ಎರಡು ಸಾವಿರ ಕಡಿಮೆ ಹೇಳಿದಾಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಡಬ್ಬಿ ಇರಲಿಲ್ಲ, ಬೆಳ್ಳಿ ಬಣ್ಣದ ಕವರು, ಅದರ ಬಾಯಿಗೆ ಬಿಸಿಯಲ್ಲಿ ಒತ್ತಿದ ಸೀಲು. “ಬಲ್ಕ್ ಮಾಲು ಸರ್, ಡಬ್ಬಿ ಬರುವುದಿಲ್ಲ. ಸೀಲ್ ನೀವೇ ನೋಡಿ” ಎಂದ. ನೋಡಿದೆ. ಬಿಲ್ ಕೇಳಿದರೆ, “18 ಪರ್ಸೆಂಟ್ ಜಿಎಸ್‌ಟಿ ಸೇರುತ್ತದೆ ಸರ್, ಸುಮ್ಮನೆ ಯಾಕೆ? ಎರಡು ವರ್ಷ ಅಂಗಡಿಯದೇ ವಾರಂಟಿ ಕೊಡುತ್ತೇನೆ” ಎಂದು ಒಂದು ಚೀಟಿಗೆ ಮೊಹರು ಒತ್ತಿ ಕೊಟ್ಟ. ಅದನ್ನು ಮಡಚಿ ಜೇಬಿಗಿಟ್ಟು, ವ್ಯಾಪಾರ ಗೆದ್ದವನಂತೆ ಬಂದೆ.

ಹದಿನೈದು ದಿನಕ್ಕೆ ಭಾವನವರ ಫೋನು. ಡಿಸ್ಕ್ ಟಕ್ ಟಕ್ ಎನ್ನುತ್ತಿದೆ, ಒಂದು ಮದುವೆಯ ಫೋಲ್ಡರ್ ತೆರೆಯುತ್ತಿಲ್ಲ. ಕ್ಯಾಮೆರಾ ಕಾರ್ಡುಗಳನ್ನು ಆಗಲೇ ಅಳಿಸಿ ಮುಂದಿನ ಮದುವೆಗೆ ಬಳಸಿಯಾಗಿತ್ತು. ಹೋದದ್ದು ಧಾರೆಯ ಫೋಟೋಗಳು. ಊಟದ ಪಂಕ್ತಿಯ ಫೋಟೋಗಳೆಲ್ಲ ಉಳಿದಿವೆ, ಧಾರೆಯವೇ ಇಲ್ಲ!

ತಿಪಟೂರಿಗೆ ಹೋಗಿ, ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪುಕ್ಕಟೆ ತಂತ್ರಾಂಶ, ಎರಡು ನಿಮಿಷದ ಕೆಲಸ. ಡಿಸ್ಕ್ ಚಾಲನೆಯಲ್ಲಿದ್ದ ಅವಧಿ: 31,412 ಗಂಟೆ. ವರ್ಷಕ್ಕೆ 8,760 ಗಂಟೆ. ಲೆಕ್ಕ ಹಾಕಿ, ಮೂರೂವರೆ ವರ್ಷ. ಆದರೆ ಆನ್ ಮಾಡಿದ್ದು ಬರೀ 43 ಸಲ. ಅಂದರೆ ಹಗಲೂ ರಾತ್ರಿ ಓಡುತ್ತಲೇ ಇತ್ತು, ಬಹುಶಃ ಯಾವುದೋ ಸಿಸಿಟಿವಿ ಪೆಟ್ಟಿಗೆಯಲ್ಲಿ. ಪರದೆಯ ಮೇಲಿನ ಸೀರಿಯಲ್ ಸಂಖ್ಯೆಗೂ ಲೇಬಲ್ಲಿನ ಮೇಲಿದ್ದದ್ದಕ್ಕೂ ತಾಳೆಯೇ ಇಲ್ಲ. ಉಗುರಿನಿಂದ ಕೆರೆದೆ. ಅಡಿಯಲ್ಲಿ ಇನ್ನೊಂದು ಲೇಬಲ್ಲಿನ ಅಂಟು. ಸ್ಕ್ರೂ ತೂತುಗಳ ಸುತ್ತ ಗೀರು. ಇಷ್ಟೆಲ್ಲ ಕಣ್ಣೆದುರೇ ಇತ್ತು. “ನೀನು ನೋಡಿಯೇ ತಂದೆಯಲ್ಲವೇ?” ಎಂದರು ಭಾವ. ಅಷ್ಟೇ ಅಂದದ್ದು.

ಮರುದಿನ ಅಂಗಡಿಗೆ ಹೋದೆ. ಮೊದಲು, “ಕಂಪನಿಯಲ್ಲಿ ಟೆಸ್ಟಿಂಗ್‌ಗೆ ಓಡಿಸಿರುತ್ತಾರೆ ಸರ್.” ಮೂರೂವರೆ ವರ್ಷ ಟೆಸ್ಟಿಂಗ್! ಆಮೇಲೆ, “ನಿಮ್ಮ ಸಾಫ್ಟ್‌ವೇರ್ ತಪ್ಪು ತೋರಿಸುತ್ತಿದೆ.” ಲೇಬಲ್ ತೋರಿಸಿದ ಮೇಲೆ, “ಇದು ನಮ್ಮ ಪೀಸ್ ಎನ್ನುವುದಕ್ಕೆ ಏನು ಗ್ಯಾರಂಟಿ? ಬಿಲ್ ಕೊಡಿ.” ಬಿಲ್ ಬೇಡವೆಂದವನೇ ಬಿಲ್ ಕೇಳುತ್ತಾನೆ! ಮೊಹರಿನ ಚೀಟಿ ಚಾಚಿದೆ. ಅದರಲ್ಲಿ ಸೀರಿಯಲ್ ಸಂಖ್ಯೆಯೇ ಇರಲಿಲ್ಲ. ಕೊನೆಗೆ ಅದೇ ರಾಶಿಯಿಂದ ಅದೇ ಬೆಳ್ಳಿ ಕವರಿನ ಇನ್ನೊಂದನ್ನು ಮುಂದೆ ತಳ್ಳಿ, “ಬೇಕಾದರೆ ಬದಲಿಸಿಕೊಳ್ಳಿ, ದುಡ್ಡು ವಾಪಸ್ ಇಲ್ಲ” ಎಂದ.

ದಯವಿಟ್ಟು ಕೇಳಿ. ಸೀರಿಯಲ್ ಸಂಖ್ಯೆ ಬರೆದ ಜಿಎಸ್‌ಟಿ ಬಿಲ್ ಇಲ್ಲದೆ ದುಡ್ಡು ಕೊಡಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಲೂ ಕೈಯಲ್ಲಿ ಏನಾದರೂ ಇರಬೇಕಲ್ಲ. ಸೀರಿಯಲ್ ಸಂಖ್ಯೆಯನ್ನು ತಯಾರಕರ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಇದೆಯೇ ನೋಡಿ, ಅಂಗಡಿಯ ಬಾಗಿಲಲ್ಲೇ ನಿಂತು ನೋಡಿ. ಆ ಗಂಟೆಗಳ ಲೆಕ್ಕವನ್ನೂ ಸೊನ್ನೆಗೆ ತಿರುಗಿಸಿ ಮಾರುವವರಿದ್ದಾರೆ, ನನಗೆ ಸಿಕ್ಕವನು ಅಷ್ಟು ಶ್ರಮವನ್ನೂ ಪಟ್ಟಿರಲಿಲ್ಲ. ಡಿಸ್ಕ್ ಎಷ್ಟೇ ಹೊಸದಾಗಿರಲಿ, ಎರಡನೆಯ ಪ್ರತಿ ಬೇರೆ ಕಡೆ ಸೇರುವವರೆಗೆ ಕಾರ್ಡು ಅಳಿಸಬೇಡಿ.

ಮದುವೆಯವರಿಗೆ ಭಾವ ಆಲ್ಬಂನ ಹಣ ಬಿಟ್ಟುಕೊಟ್ಟರು. ಆ ಹಣ ನಾನು ಕೊಡುತ್ತೇನೆಂದರೆ ತೆಗೆದುಕೊಳ್ಳಲಿಲ್ಲ. ಮೊನ್ನೆ ಸ್ಟುಡಿಯೋಗೆ ಹೊಸ ಡಿಸ್ಕ್ ಬಂದಿದೆಯಂತೆ. ಅಕ್ಕ ಹೇಳಿದಳು.