ಸದಾಶಿವಗಡ, ಶಿರವಾಡ, ಕಾಜುಬಾಗ: ಶಾಲೆಗೆ ಹೋಗುವ ಮಕ್ಕಳಿದ್ದರೆ ಕಾರವಾರದಲ್ಲಿ ಮನೆ ಎಲ್ಲಿ ಮಾಡಬೇಕು?

ಕಾರವಾರಕ್ಕೆ ವರ್ಗವಾಗಿ ಬರುವವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ. ಯಾವ ಶಾಲೆ ಒಳ್ಳೆಯದು? ಬಾಡಿಗೆ ಎಲ್ಲಿ ಕಡಿಮೆ? ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ನಾನು ಮೊದಲು ಕೇಳಿ ಅನ್ನುವುದು ಬೇರೆ. ಮನೆಗೂ ಶಾಲೆಗೂ ನಡುವಿನ ದಾರಿ ಜುಲೈ ತಿಂಗಳಲ್ಲಿ ಹೇಗಿರುತ್ತದೆ? ಆ ದಾರಿಯಲ್ಲಿ ನಿಮ್ಮ ಮಗು ಒಂದೇ ಹೋಗಿ ಬರಬಹುದಾ?

ನಾವು ಶಿರಸಿ ಕಡೆಯವರು. ನಮ್ಮ ಮನೆಯವರಿಗೆ ಇಲ್ಲಿಗೆ ವರ್ಗವಾದಾಗ ಮಗಳು ಆರನೇ ಕ್ಲಾಸು, ಮಗ ಎರಡನೇ ಕ್ಲಾಸು. 2024ರ ಮೇ ಕೊನೆಗೆ ಸದಾಶಿವಗಡದಲ್ಲಿ ಬಾಡಿಗೆ ಮನೆ ಹಿಡಿದೆವು. ಆ ಶಾಲೆ ವರ್ಷ ಪೂರ್ತಿ ಅಲ್ಲೇ ಇದ್ದೆವು. ಈಗ ಇರುವುದು ಕಾಜುಬಾಗದಲ್ಲಿ. ಇಲ್ಲಿಯ ಮನೆ ಖಾಲಿಯಾಗುವ ತನಕ ಶಿರವಾಡದಲ್ಲಿ ಭಾವನ ಮನೆಯಲ್ಲಿದ್ದು, ಅಲ್ಲಿಂದಲೇ ಮಕ್ಕಳನ್ನು ಶಾಲೆಗೆ ಕಳಿಸಿದೆವು. ಶಾಲೆ ಮಾತ್ರ ಬದಲಾಗಲಿಲ್ಲ, ಪೇಟೆಯೊಳಗಿನದು. ಹಾಗಾಗಿ ಮೂರು ಜಾಗಗಳನ್ನೂ ಪಕ್ಕಪಕ್ಕ ಇಟ್ಟು ನೋಡಲು ನನಗೆ ಸಾಧ್ಯವಾಯಿತು. ಮೂರೂ ಕಡೆ ಮಳೆಗಾಲದ ಬೆಳಗುಗಳನ್ನು ಕಂಡಿದ್ದೇನೆ.

ಮನೆಯನ್ನೇ ನೋಡುವುದಾದರೆ ಸದಾಶಿವಗಡಕ್ಕೆ ಸಾಟಿ ಇಲ್ಲ. ಕಾಳಿ ನದಿಯ ಉತ್ತರ ದಂಡೆ, ಮೇಲೆ ಕೋಟೆಯ ಗುಡ್ಡ, ಆಚೆ ಮಾಜಾಳಿ, ಅದರಾಚೆ ಗೋವಾ. ನಮಗೆ ಸಿಕ್ಕಿದ್ದು ಚಿರೆಕಲ್ಲಿನ ಹಂಚಿನ ಮನೆ. ಅಂಗಳ, ತೆಂಗಿನ ಮರ, ಬಾವಿ, ಒಂದು ಜಗುಲಿ. ಇಷ್ಟೆಲ್ಲ ಸೇರಿಯೂ ಪೇಟೆಯ ಎರಡು ಕೋಣೆಯ ಮನೆಗಿಂತ ಬಾಡಿಗೆ ಕಡಿಮೆ. ಮನೆಯ ಯಜಮಾನಿ ಪಕ್ಕದಲ್ಲೇ ಇದ್ದರು. ಮಕ್ಕಳು ಶಾಲೆಯಿಂದ ಬಂದ ಕೂಡಲೇ ಅವರ ಮೊಮ್ಮಕ್ಕಳ ಜೊತೆ ಅಂಗಳಕ್ಕೆ ಇಳಿದುಬಿಡುತ್ತಿದ್ದರು. ಈ ಕಡೆ ಮನೆ ಮಾತು ಹೆಚ್ಚಾಗಿ ಕೊಂಕಣಿ. ಮಗ ದೀಪಾವಳಿ ಹೊತ್ತಿಗೆ ಆಟದ ಜಗಳಗಳನ್ನೆಲ್ಲ ಕೊಂಕಣಿಯಲ್ಲೇ ಮಾಡುತ್ತಿದ್ದ. ಘಟ್ಟದ ಮೇಲಿಂದ ಬರುವವರಿಗೆ ಭಾಷೆಯ ಭಯ ಇರುತ್ತದೆ. ಆ ಭಯ ಬೇಡ. ಓಣಿಯಲ್ಲಿ ಆಡಲು ಮಕ್ಕಳಿದ್ದರೆ ಸಾಕು, ಭಾಷೆ ತಾನಾಗಿ ಬರುತ್ತದೆ. ಆಟದ ವಿಷಯದಲ್ಲಿ ನಾನು ಸದಾಶಿವಗಡಕ್ಕೇ ಹೆಚ್ಚು ಅಂಕ ಕೊಡುವುದು.

ತೊಂದರೆ ಇರುವುದು ಸೇತುವೆಯಲ್ಲಿ. ಪೇಟೆಯ ಶಾಲೆಗೆ ಹೋಗಬೇಕೆಂದರೆ ಕಾಳಿ ದಾಟಲೇಬೇಕು. ಬೇರೆ ಹತ್ತಿರದ ದಾರಿ ಇಲ್ಲ. ಸೇತುವೆ ಎಂದರೆ ರಾಷ್ಟ್ರೀಯ ಹೆದ್ದಾರಿ 66. ಗೋವಾದ ಲಾರಿ, ಟ್ಯಾಂಕರ್, ಪ್ರವಾಸಿಗರ ಕಾರು, ಮೀನಿನ ಗಾಡಿ ಎಲ್ಲ ಅದರ ಮೇಲೇ. ನಡೆದು ಹೋಗುವ ದೂರವಲ್ಲ. ಸೈಕಲ್ಲಿನಲ್ಲಿ ಆ ಗಾಡಿಗಳ ಮಧ್ಯೆ ಮಕ್ಕಳನ್ನು ಕಳಿಸಲು ನನಗೆ ಧೈರ್ಯ ಬರಲಿಲ್ಲ. ಉಳಿದಿದ್ದು ಬಸ್ಸು, ಟೆಂಪೊ, ರಿಕ್ಷಾ.

2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಸೇತುವೆ ಕುಸಿದು ನದಿಗೆ ಬಿತ್ತು. ಅದರ ಮೇಲಿದ್ದ ಒಂದು ಲಾರಿಯೂ ಬಿತ್ತು. ಚಾಲಕನನ್ನು ಮೇಲೆತ್ತಿ ಉಳಿಸಿದರು. ಅದು ಗೋವಾ ಕಡೆಯಿಂದ ಕಾರವಾರಕ್ಕೆ ಬರುವ ವಾಹನಗಳ ಸೇತುವೆ. ಅಂದರೆ ನಮ್ಮ ಮಕ್ಕಳು ದಿನಾ ಬೆಳಿಗ್ಗೆ ಶಾಲೆಗೆ ಹೋಗುತ್ತಿದ್ದ ಸೇತುವೆ. ಆಮೇಲೆ ಪಕ್ಕದ ಹೊಸ ಸೇತುವೆಯ ಮೇಲೇ ಎರಡೂ ದಿಕ್ಕಿನ ವಾಹನ ಬಿಟ್ಟರು. ಬೆಳಗಿನ ಹೊತ್ತು ಅಲ್ಲಿ ಸಾಲು ನಿಂತಿತು ಅಂದರೆ ಶಾಲೆಯ ಪ್ರಾರ್ಥನೆ ತಪ್ಪಿತು ಎಂದೇ ಲೆಕ್ಕ. ಅದಾದ ಮೇಲೆ ಮಗಳು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವುದನ್ನು ಬಿಟ್ಟಳು. ನದಿ ಕಂಡರೆ ಹೊಟ್ಟೆಯೊಳಗೆ ಏನೋ ಆಗುತ್ತದೆ ಅಂತಿದ್ದಳು. ಒಂದು ಸೇತುವೆ ಬಿದ್ದಿದ್ದಕ್ಕೆ ಊರನ್ನೇ ಬೇಡ ಅನ್ನುವುದು ನ್ಯಾಯವಲ್ಲ, ಒಪ್ಪುತ್ತೇನೆ. ಆದರೆ ಹೋಗಲು ಒಂದೇ ದಾರಿ, ಆ ದಾರಿಗೆ ಏನಾದರೂ ಆದರೆ ಮಕ್ಕಳು ಆಚೆ, ನಾವು ಈಚೆ. ಇದನ್ನು ಮನೆ ಹಿಡಿಯುವ ಮೊದಲೇ ಯೋಚಿಸಬೇಕು.

ಬಸ್ಸಿನ ಖರ್ಚು ದೊಡ್ಡದಲ್ಲ. ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಮಗಳಿಗೆ ಟಿಕೆಟ್ ಇಲ್ಲ, ಗುರುತಿನ ಚೀಟಿ ಇದ್ದರಾಯಿತು. ಮಗನಿಗೆ ವಿದ್ಯಾರ್ಥಿ ಪಾಸ್. ಅದಕ್ಕೆ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಕಷ್ಟ ಇರುವುದು ಸಮಯದಲ್ಲಿ. ಸಂಜೆ ಶಾಲೆ ಬಿಟ್ಟ ಮೇಲೆ ಬಸ್ಸು ತುಂಬಿ ಬರುತ್ತದೆ, ಸಣ್ಣವರಿಗೆ ಹತ್ತಲು ಆಗುವುದಿಲ್ಲ. ಕೊನೆಗೆ ಟೆಂಪೊ ಹಿಡಿದು ಬರುವಾಗ ಮಗ ಒದ್ದೆ ಬ್ಯಾಗಿನ ಮೇಲೆ ಗಲ್ಲ ಇಟ್ಟು ನಿದ್ದೆ ಹೋಗಿರುತ್ತಿದ್ದ. ಇಳಿಯುವ ಜಾಗ ಬಂದಾಗ ಅಕ್ಕ ಅವನ ಕೈ ಹಿಡಿದು ಎಬ್ಬಿಸಬೇಕು. ಅವಳಿಗೂ ಹನ್ನೊಂದೇ ವರ್ಷ. ಅವಳು ನೋಡಿಕೊಳ್ಳುತ್ತಾಳಲ್ಲ ಅಂತ ನಾವು ನಿಶ್ಚಿಂತೆಯಿಂದ ಇರುವುದು ಅವಳ ಮೇಲೆ ಹೇರುವ ಭಾರ ಅಲ್ವಾ? ನನಗೆ ಇದೇ ಹೆಚ್ಚು ಕಾಡಿದ್ದು.

ಇನ್ನು ನೀರು. ಸದಾಶಿವಗಡದ ನಮ್ಮ ಬಾವಿ ಮಳೆಗಾಲದಲ್ಲಿ ಕೈಗೆ ಎಟುಕುವಷ್ಟು ತುಂಬಿತ್ತು. ಏಪ್ರಿಲ್ ಹೊತ್ತಿಗೆ ಅದೇ ನೀರಿಗೆ ಉಪ್ಪಿನ ರುಚಿ ಬಂತು. ಬೇಸಿಗೆಯಲ್ಲಿ ಕಾಳಿಯ ಹರಿವು ಇಳಿದಾಗ ಭರತದ, ಅಂದರೆ ಉಬ್ಬರದ, ಹೊತ್ತಿಗೆ ಸಮುದ್ರದ ನೀರು ನದಿಯೊಳಗೆ ಏರುತ್ತದೆ, ದಂಡೆಯ ಬಾವಿಗಳಿಗೆ ಅದು ತಾಗುತ್ತದೆ. ಕುಡಿಯಲು ಬೇರೆ ನೀರು ತರಬೇಕಾಯಿತು. ಬಾವಿ ಇದೆ ಅಂತ ಖುಷಿಯಾಗುವ ಮೊದಲು ಬೇಸಿಗೆಯಲ್ಲಿ ನೀರು ಹೇಗಿರುತ್ತದೆ ಅಂತ ಅಕ್ಕಪಕ್ಕದವರನ್ನು ಕೇಳಿ. ಪೇಟೆಯಲ್ಲಿ ನಗರಸಭೆಯ ನಲ್ಲಿ ನೀರು. ಅದು ಅಂಕೋಲಾ ಕಡೆಯ ಗಂಗಾವಳಿ ನದಿಯಿಂದ ಬರುತ್ತದೆ. ದಿನವಿಡೀ ಬರುವುದಿಲ್ಲ, ಹಿಡಿದಿಟ್ಟುಕೊಳ್ಳಬೇಕು. ಆದರೆ ಉಪ್ಪಿನ ಕಾಟ ಇಲ್ಲ.

ಶಿರವಾಡದ ಬಗ್ಗೆ ಹೇಳುವುದು ಕಡಿಮೆ, ಇದ್ದದ್ದೂ ಕಡಿಮೆ ದಿನ. ಕೊಂಕಣ ರೈಲಿನ ಕಾರವಾರ ನಿಲ್ದಾಣ ಇರುವುದು ಇಲ್ಲೇ. ರಾತ್ರಿ ಪಂಚಗಂಗಾ ಹತ್ತಿ ಬೆಂಗಳೂರಿಗೆ ಹೋಗಿ ಬರುವವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಸುತ್ತ ಹಸಿರು ಗುಡ್ಡ. ಸಮುದ್ರದ ಉಪ್ಪುಗಾಳಿ ಅಷ್ಟಾಗಿ ಬಡಿಯದ ಕಾರಣ ಭಾವನ ಸ್ಕೂಟರಿಗೆ ನಮ್ಮದರಷ್ಟು ಬೇಗ ತುಕ್ಕು ಹಿಡಿದಿಲ್ಲ. ನದಿ ದಾಟುವ ಗೊಡವೆಯೂ ಇಲ್ಲ. ಆದರೂ ಮಕ್ಕಳಿಗೆ ಅದು ದೂರವೇ. ಮನೆಗಳು ಬಿಡಿ ಬಿಡಿ. ನಾವಿದ್ದ ಕಡೆ ನನ್ನ ಮಗನ ವಯಸ್ಸಿನ ಮಕ್ಕಳೇ ಇರಲಿಲ್ಲ. ಶಾಲೆಗೆ ರಿಕ್ಷಾ ಗೊತ್ತು ಮಾಡಿದೆವು. ಅದರಲ್ಲಿ ಇನ್ನೂ ಹಲವು ಮಕ್ಕಳು. ಒಬ್ಬೊಬ್ಬರ ಮನೆ ಮುಂದೆ ನಿಂತು ನಿಂತು ಹೋಗುವಷ್ಟರಲ್ಲಿ ಟಿಫಿನ್ ಡಬ್ಬಿಯ ಅವಲಕ್ಕಿ ಅರ್ಧ ಖಾಲಿ. ಕೈಗಾ ಕಡೆ ಕೆಲಸ ಇರುವವರಿಗೆ, ಸ್ವಂತ ಕಾರಿನಲ್ಲಿ ಮಕ್ಕಳನ್ನು ಬಿಟ್ಟು ಬರುವವರಿಗೆ ಶಿರವಾಡ ಸರಿ.

ಶಿರವಾಡ, ಕಡವಾಡ ಕಡೆ ಮನೆ ನೋಡುವವರಿಗೆ ಇನ್ನೊಂದು ಮಾತು. ಮನೆಯ ಹಿಂದೆ ಗುಡ್ಡ ಕಡಿದಿದ್ದಾರಾ ನೋಡಿ. ಕಡಿದ ಗೋಡೆಯಿಂದ ಮಳೆಯಲ್ಲಿ ಕೆಂಪು ನೀರು ಇಳಿಯುತ್ತದಾ ಕೇಳಿ. 2009ರ ಅಕ್ಟೋಬರಿನಲ್ಲಿ ಕಡವಾಡದ ಝರಿವಾಡಾದಲ್ಲಿ ಮನೆಗಳ ಮೇಲೆ ಗುಡ್ಡ ಕುಸಿದು ಜನ ಸತ್ತಿದ್ದಾರೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತಿದ್ದು ಎಲ್ಲರಿಗೂ ನೆನಪಿದೆ. ಕದ್ರಾ ಅಣೆಕಟ್ಟಿನ ಗೇಟು ತೆಗೆದಾಗ ನದಿ ದಂಡೆಯ ಊರುಗಳಿಗೆ ಎಚ್ಚರಿಕೆ ಬರುತ್ತದೆ. ನೀವು ನೋಡಿದ ಮನೆ ಆ ಪಟ್ಟಿಯ ಊರಿನಲ್ಲಿದೆಯಾ ಅಂತ ಪಂಚಾಯಿತಿಯಲ್ಲಿ ವಿಚಾರಿಸಿ. ಮಕ್ಕಳು ಮಲಗುವ ಮನೆ, ಸಂಕೋಚ ಬೇಡ.

ಬಿಣಗಾ, ಅರ್ಗಾ ಕಡೆಯನ್ನು ನಾವು ಹೋಗಿ ನೋಡಿದ್ದಷ್ಟೇ, ಉಳಿದಿಲ್ಲ. ಹೆದ್ದಾರಿಯ ಸುರಂಗ ಆದ ಮೇಲೆ ಪೇಟೆಗೆ ಅದು ಹತ್ತಿರವಾಗಿದೆ. ನೌಕಾನೆಲೆಯಲ್ಲಿ ಕೆಲಸ ಮಾಡುವವರಿಗೆ ಅದು ಸಹಜವಾದ ಆಯ್ಕೆ. ಕೇಂದ್ರೀಯ ವಿದ್ಯಾಲಯದಲ್ಲಿ ಮೊದಲ ಆದ್ಯತೆ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ. ನಾವು ಆ ಗುಂಪಿನವರಲ್ಲ, ಹಾಗಾಗಿ ಆ ವಿಚಾರ ಅಲ್ಲಿಗೇ ಬಿಟ್ಟೆವು.

ಈಗ ಕಾಜುಬಾಗ. ಪಕ್ಕದ ಕೋಡಿಬಾಗವನ್ನೂ ಸೇರಿಸಿಕೊಂಡೇ ಹೇಳುತ್ತೇನೆ, ಎರಡಕ್ಕೂ ನಡುವೆ ಗೆರೆ ಎಳೆಯುವುದು ಕಷ್ಟ. ಮನೆ ಸಣ್ಣದು. ಮಹಡಿಯ ಮೇಲಿನ ಎರಡು ಕೋಣೆ, ಒಂದು ಗ್ಯಾಲರಿ. ಅಂಗಳ ಇಲ್ಲ. ಸದಾಶಿವಗಡದ ಬಾಡಿಗೆಗೆ ಇನ್ನೂ ಮೂರು ನಾಲ್ಕು ಸಾವಿರ ಸೇರಿಸಬೇಕು, ಮುಂಗಡವೂ ಹೆಚ್ಚು. ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದೇ ದೊಡ್ಡ ಕೆಲಸ. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್, ಜುಲೈನಲ್ಲೇ. ಹಳೆ ಮನೆಯಲ್ಲಿ ಜಗುಲಿಗೆ ಹಗ್ಗ ಕಟ್ಟಿದರೆ ಆಯಿತು. ಇಲ್ಲಿ ಅಡುಗೆಮನೆಯ ಮೇಲ್ಗಡೆ ಹಗ್ಗ ಕಟ್ಟಿ ಯೂನಿಫಾರ್ಮ್ ಹಾಕುತ್ತೇನೆ. ಬೂಟಿನೊಳಗೆ ರಾತ್ರಿ ಹಳೆ ಪೇಪರ್ ತುರುಕಿಡುತ್ತೇನೆ. ಬೆಳಿಗ್ಗೆ ಇಸ್ತ್ರಿ ಹಾಕಿದಾಗ ಚಡ್ಡಿಯ ಸೊಂಟಪಟ್ಟಿಯಿಂದ ಹಬೆ ಏಳುತ್ತದೆ. ಕರೆಂಟ್ ಹೋಯಿತೋ, ಅರೆ ಒದ್ದೆ ಬಟ್ಟೆಯಲ್ಲೇ ಶಾಲೆ.

ಆದರೂ ನನ್ನ ಆಯ್ಕೆ ಕಾಜುಬಾಗವೇ. ಇಲ್ಲಿ ದಾರಿ ಮಕ್ಕಳದ್ದು. ನಮ್ಮ ಮನೆ ಇರುವುದು ಹೆದ್ದಾರಿಯ ಪೂರ್ವಕ್ಕೆ, ಒಳರಸ್ತೆಯಲ್ಲಿ. ಶಾಲೆಯ ತನಕ ಹೆದ್ದಾರಿ ದಾಟುವ ಪ್ರಸಂಗವೇ ಇಲ್ಲ. ದಾರಿಯುದ್ದಕ್ಕೂ ಅಂಗಡಿ, ಮನೆ, ಗುರುತಿನ ಜನ. ಇಲ್ಲಿಗೆ ಬಂದ ಮೊದಲ ವಾರ ನಾನು ಜೊತೆಗೆ ಹೋದೆ. ಆಮೇಲೆ ಸ್ವಲ್ಪ ದಿನ ಹಿಂದೆ ಹಿಂದೆ ದೂರದಲ್ಲಿ ನಡೆದೆ. ಒಂದು ಬೆಳಿಗ್ಗೆ ಮಗ ಕೊಡೆ ಬಿಚ್ಚಿಕೊಂಡು "ಆಯಿ, ಆನು ಅಕ್ಕನ ಸಂತಿಗೆ ಹೋಗ್ತಿ, ನೀ ಬರಡ" ಅಂದ. ಅಕ್ಕನ ಜೊತೆ ಹೋಗುತ್ತೇನೆ, ನೀನು ಬರಬೇಡ ಅಂತ. ಅವನ ಮುಖದಲ್ಲಿ ಇದ್ದ ಗತ್ತನ್ನು ನೋಡಬೇಕಿತ್ತು. ಮಗಳೂ ಬದಲಾದಳು. ತಮ್ಮನನ್ನು ಬಸ್ಸಿಗೆ ಹತ್ತಿಸುವ ಚಿಂತೆ ಹೋದ ಮೇಲೆ ತನ್ನ ಗೆಳತಿಯರ ಜೊತೆ ಮಾತಾಡಿಕೊಂಡು ಬರುತ್ತಾಳೆ. ಶಾಲೆ ಬಿಟ್ಟ ಮೇಲೂ ಅವಳಲ್ಲಿ ಶಕ್ತಿ ಉಳಿದಿರುತ್ತದೆ.

ಉಳಿದ ಆ ಶಕ್ತಿ, ಸಿಕ್ಕ ಸಮಯ, ಅದೇ ದೊಡ್ಡ ಲಾಭ ಅನ್ನುತ್ತೇನೆ. ಸದಾಶಿವಗಡದಲ್ಲಿದ್ದಾಗ ಪೇಟೆಯಲ್ಲಿ ಸಂಗೀತದ ಕ್ಲಾಸಿಗೆ ಸೇರಿಸಲು ಆಗಿರಲಿಲ್ಲ. ಕ್ಲಾಸು ಮುಗಿಸಿ ವಾಪಸ್ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಈಗ ವಾರಕ್ಕೆ ಎರಡು ಸಂಜೆ ಅವಳೇ ಹೋಗಿ ಬರುತ್ತಾಳೆ. ಗ್ರಂಥಾಲಯ, ಮಾಲಾದೇವಿ ಮೈದಾನ, ಕೋಡಿಬಾಗದ ವಿಜ್ಞಾನ ಕೇಂದ್ರ, ಟಾಗೋರ್ ಕಡಲತೀರ ಎಲ್ಲ ಹತ್ತಿರ. ಮಗನಿಗೆ ಜ್ವರ ಏರಿದ ಒಂದು ರಾತ್ರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಸ್ಕೂಟರಿನಲ್ಲೇ ಹೋಗಿ ಬಂದೆವು. ಭಾನುವಾರದ ಸಂತೆಗೆ ಚೀಲ ಹಿಡಿದು ಮೂವರೂ ನಡೆದೇ ಹೋಗುತ್ತೇವೆ.

ಹಾಗಂತ ಎಲ್ಲರಿಗೂ ಕಾಜುಬಾಗವೇ ಸರಿ ಅನ್ನಲಾರೆ. ಮಕ್ಕಳು ಇನ್ನೂ ಅಂಗನವಾಡಿ, ಒಂದನೇ ಎರಡನೇ ಕ್ಲಾಸಿನಲ್ಲಿದ್ದರೆ, ಮನೆ ಹತ್ತಿರದ ಸರ್ಕಾರಿ ಶಾಲೆಗೆ ಕಳಿಸುವ ಮನಸ್ಸಿದ್ದರೆ, ನಾನು ಕಣ್ಣು ಮುಚ್ಚಿ ಸದಾಶಿವಗಡ ಅನ್ನುತ್ತೇನೆ. ಆಗ ಸೇತುವೆಯ ಪ್ರಶ್ನೆಯೇ ಬರುವುದಿಲ್ಲ. ನಮ್ಮ ಅಲ್ಲಿಯ ಪಕ್ಕದ ಮನೆಯ ಹುಡುಗಿ ಊಟದ ಬಿಡುವಿನಲ್ಲಿ ಅಜ್ಜಿಯನ್ನು ಮಾತಾಡಿಸಲು ಮನೆಗೆ ಓಡಿ ಬರುತ್ತಿದ್ದಳು. ಅಲ್ಲಿಯ ಶಾಲೆಯ ಅಕ್ಕೋರಿಗೆ, ಅಂದರೆ ಟೀಚರಿಗೆ, ಪ್ರತಿ ಮಗುವಿನ ಮನೆಯೂ ಗೊತ್ತು. ಪೇಟೆಯ ಶಾಲೆಗೆ ಹೋಗುವ ನನ್ನ ಮಗನಿಗೆ ಆ ಸುಖ ಸಿಗಲಿಲ್ಲ. ಹೈಸ್ಕೂಲು, ಟ್ಯೂಷನ್, ಆಮೇಲೆ ಪಿಯುಸಿ ಅಂತ ಬಂದಾಗ ಪೇಟೆ ಹತ್ತಿರ ಇರಲಿ.

ಬರುವವರು ಏಪ್ರಿಲ್ ಕೊನೆಗೇ ಮನೆ ಹುಡುಕಲು ಶುರು ಮಾಡಿ. ಮೇ ಕೊನೆಗೆ ಶಾಲೆ ತೆರೆಯುತ್ತದೆ, ಆ ಹೊತ್ತಿಗೆ ಒಳರಸ್ತೆಯ ಮನೆಗಳು ಹೋಗಿಬಿಟ್ಟಿರುತ್ತವೆ. ಸಾಧ್ಯವಾದರೆ ಹಿಂದಿನ ಮಳೆಗಾಲದಲ್ಲೇ ಒಮ್ಮೆ ಬಂದು, ಶಾಲೆ ಬಿಡುವ ಹೊತ್ತಿಗೆ ಆ ದಾರಿಯಲ್ಲಿ ನಿಂತು ನೋಡಿ. ಹಳೆ ಶಾಲೆಯಿಂದ ಟಿಸಿ ತರುವಾಗ ಸ್ಯಾಟ್ಸ್‌ನಲ್ಲಿ (ಶಾಲಾ ಮಕ್ಕಳ ವಿವರ ಇರುವ ಸರ್ಕಾರದ ಆನ್‌ಲೈನ್ ದಾಖಲೆ) ಮಗುವಿನ ಹೆಸರು ಅಲ್ಲಿಂದ ಬಿಡುಗಡೆ ಆಗಿದೆಯಾ ಅಂತ ಕೇಳಿಕೊಂಡೇ ಹೊರಡಿ. ಅದು ಆಗದಿದ್ದರೆ ಇಲ್ಲಿಯ ಶಾಲೆಯವರು ಹೆಸರು ಸೇರಿಸಲು ಆಗುವುದಿಲ್ಲ, ಮತ್ತೆ ಅಲ್ಲಿಗೆ ಫೋನು ಮಾಡುತ್ತ ಕೂರಬೇಕಾಗುತ್ತದೆ.